ಓಡುವ ಯಂತ್ರವನ್ನು ನಿಲ್ಲಿಸಿದ್ದು

ಆಳಂದದ ನಮ್ಮ ಘಟಕದಲ್ಲಿ ದ್ರವ ನೈಟ್ರೋಜನ್ ತಯಾರಿಸುವ ಯಂತ್ರ ನಡೆಸುವವಳು ನಾನು. ಗಾಳಿಯನ್ನು ಒತ್ತಿ, ಒಣಗಿಸಿ, ಅದರಿಂದ ನೈಟ್ರೋಜನ್ ಬೇರೆ ಮಾಡಿ ಹಂತಹಂತವಾಗಿ ತಣಿಸಿದರೆ ಕೊನೆಗೆ ನೀರಿನಂತೆ ತೊಟ್ಟಿಕ್ಕುತ್ತದೆ. ದನಗಳ ಕೃತಕ ಗರ್ಭಧಾರಣೆಗೆ ಬೇಕಾದ ವೀರ್ಯದ ಕಡ್ಡಿಗಳು ಕೆಡದೆ ಉಳಿಯುವುದು ಈ ದ್ರವದಲ್ಲೇ. ಅಫಜಲಪುರ, ಜೇವರ್ಗಿ ಕಡೆಯ ಪಶುವೈದ್ಯರೂ ಕ್ಯಾನ್ ತುಂಬಿಸಿಕೊಳ್ಳಲು ನಮ್ಮಲ್ಲಿಗೇ ಬರುತ್ತಾರೆ.

ಮಳೆಗಾಲದ ಒಂದು ದಿನ ಯಂತ್ರ ಓಡುತ್ತಲೇ ಇತ್ತು, ದ್ರವ ಮಾತ್ರ ಬರಲಿಲ್ಲ. ಅಂದೇ ಅಫಜಲಪುರದ ಹಿರಿಯ ಡಾಕ್ಟರೊಬ್ಬರು ಬಂದರು. ಕಡ್ಡಿಗಳಿದ್ದ ಅವರ ಕ್ಯಾನಿನಲ್ಲಿ ದ್ರವ ಬಹುತೇಕ ಮುಗಿದಿತ್ತು.

"ತಂಪು ಮಾಡೋ ಭಾಗನೇ ಹೋಗ್ಯಾದ್ರಿ ಬಾಯಾರ. ಮೆಕ್ಯಾನಿಕ್‌ನ ಕರಸ್ರಿ. ಅಲ್ಲೀತನಕ ನಡಸ್ರಿ, ಒಂದೀಟರ ಬಂದೀತು."

ನನಗೆ ಹಾಗನ್ನಿಸಲಿಲ್ಲ. ಗಾಳಿ ಒಣಗಿಸುವ ಡಬ್ಬಿಯ ಗಾಜಿನಲ್ಲಿ ಇಣುಕಿದೆ. ನೀಲಿ ಇರಬೇಕಾದ ಹರಳುಗಳು ತೇವ ಹೀರಿ ಗುಲಾಬಿಗೆ ತಿರುಗಿದ್ದವು.

"ಹಸಿ ಒಳಗ ಹೋಗಿ ಬರ್ಫ್ ಆಗ್ಯಾದ್ರಿ. ನಡಸಿದಷ್ಟೂ ಗಟ್ಟಿ ಆಗ್ತದ. ನಾ ಬಂದ್ ಮಾಡಾಕತ್ತೇನಿ."

"ಬಂದ್ ಮಾಡಿದ್ರ ನನ್ನ ಕಡ್ಡಿ ಗತಿ ಏನ್ರಿ?"

ನಮ್ಮ ಸಣ್ಣ ಕ್ಯಾನುಗಳಲ್ಲಿ ಉಳಿದದ್ದನ್ನೆಲ್ಲ ಒಂದಕ್ಕೆ ಸುರಿದೆ. ಚರ್ಮದ ಕೈಗವಸು ಹಾಕಿ, ಅವರ ಕಡ್ಡಿಗಳಿದ್ದ ಲೋಟವನ್ನು ಮೇಲೆತ್ತಿ ಕ್ಷಣದಲ್ಲಿ ಅದರೊಳಗೆ ಇಳಿಸಿದೆ. ಆಮೇಲೆ ಯಂತ್ರ ನಿಲ್ಲಿಸಿದೆ.

ಸುದ್ದಿ ಕೇಳಿ ನಮ್ಮ ಘಟಕದ ಮೇಲಿನ ಸಾಹೇಬರು ಫೋನ್ ಮಾಡಿದರು. "ಯಾರ್ನ ಕೇಳಿ ಬಂದ್ ಮಾಡೀರಿ?"

"ಮಷೀನ್ ನಡಸಾಕಿ ನಾನ್ರಿ ಸಾಹೇಬ್ರ. ನಾಳಿಗಿ ಚಾಲೂ ಮಾಡ್ತೇನಿ."

ಡಾಕ್ಟರು ರಾತ್ರಿ ಉಳಿಯಲು ನರೋಣಾದ ನೆಂಟರ ಮನೆಗೆ ಹೋದರು. ನಾನು ಹರಳುಗಳನ್ನು ಬದಲಿಸಿ, ಯಂತ್ರದ ಒಳಭಾಗ ಬೆಚ್ಚಗಾಗಲು ಬಿಟ್ಟೆ. ಮರುದಿನ ಬೆಳಿಗ್ಗೆ ತಳದ ನಳಿಕೆ ಬಿಚ್ಚಿದರೆ ಕರಗಿದ ನೀರು ಸುರಿಯಿತು. ಅದನ್ನು ನೋಡಿ ನನಗಾದ ಖುಷಿ ಅಷ್ಟಿಷ್ಟಲ್ಲ. ಚೆನ್ನಾಗಿ ಒಣಗಿಸಿ ಮತ್ತೆ ಚಾಲೂ ಮಾಡಿದೆ.

ತಣಿಯಲು ಅದು ತನ್ನ ಹೊತ್ತು ತೆಗೆದುಕೊಳ್ಳುತ್ತದೆ, ಅವಸರ ಮಾಡಿದರೆ ಕೇಳುವುದಿಲ್ಲ. ಡಾಕ್ಟರು ಬಂದು ಬಾಗಿಲಲ್ಲಿ ಕುರ್ಚಿ ಹಾಕಿ ಕೂತರು. ಮಧ್ಯಾಹ್ನ ದ್ರವ ಬರುವ ನಳಿಕೆಯ ಬಾಯಲ್ಲಿ ಬಿಳಿ ಹೊಗೆ ಕಾಣಿಸಿತು. ಹಿಂದೆಯೇ ದ್ರವ ಇಳಿಯಿತು.

"ನೀವು ಹೇಳಿದ್ದೇ ಖರೆ ಆತ್ರಿ," ಎಂದರು.

"ಖರೆ ಆಗ್ದೇ ಏನ್ರಿ!"

ಗೊಬ್ಬೂರಿನಲ್ಲಿ ದೇವಣಿ ತಳಿಯ ಆಕಳೊಂದು ಬೆದೆಗೆ ಬಂದಿತ್ತಂತೆ. ಕಡ್ಡಿಗಳನ್ನು ಮತ್ತೆ ತಮ್ಮ ಕ್ಯಾನಿಗೆ ಇಳಿಸಿಕೊಂಡು, ತುಂಬಿದ ಆ ಕ್ಯಾನನ್ನು ಜೀಪಿನಲ್ಲಿ ನೆಟ್ಟಗೆ ನಿಲ್ಲಿಸಿ, ಹಗ್ಗ ಬಿಗಿದು, ಅವರು ಊಟಕ್ಕೂ ನಿಲ್ಲದೆ ಹೊರಟರು. ನಾನು ಜೇವರ್ಗಿಯ ಪಶುವೈದ್ಯರಿಗೆ ಫೋನ್ ಹಚ್ಚಿದೆ. "ಕ್ಯಾನ್ ತಗೊಂಡು ಬರ್ರಿ," ಎಂದೆ.