ನಂಜಿನ ಪಥ್ಯ

ಕುತ್ತಿಗೆಯ ಗಂಟಿಗೆ ಸುಣ್ಣ, ಬೆಲ್ಲ ಮೆತ್ತಿಕೊಂಡೇ ತಾಳ್ಯದಿಂದ ಬಸ್ಸು ಹತ್ತಿ ಬಂದಿದ್ದಳು ನಮ್ಮಕ್ಕ. ನಾನು ಹೊಳಲ್ಕೆರೆಯಲ್ಲಿ ಡಾಕ್ಟರು. ಊರವರ ಜೊತೆ ತಾಳ್ಮೆಯಿಂದಲೇ ಇರುತ್ತೇನೆ, ಮನೆಯವರೆಂದರೆ ಸಿಟ್ಟು ಮೂಗಿನ ತುದಿಯಲ್ಲೇ. "ಇದನ್ಯಾಕೆ ಹಚ್ಚಿದೆ?" ಎಂದು ಗದರಿದೆ.

"ಕುರು ಹಣ್ಣಾಗ್ಲಿ ಅಂತ ಕಣೇ. ನಂಜಾಗ್ತೈತೆ ಅಂತ ಬದನೆಕಾಯೂ ಮುಟ್ಟಿಲ್ಲ. ನೀನು ಕುಯ್ದು ಕೀವು ತಗದ್ರೆ ಸಂಜೆ ಬಸ್ಸಿಗೆ ಹೋಗ್ತೀನಿ. ಶೇಂಗಾ ಕೀಳೋದೈತೆ."

ಬದನೆಕಾಯಿ ಎಂದರೆ ಪ್ರಾಣ ಬಿಡುವವಳು ಅವಳು.

ಸುಣ್ಣಕ್ಕೆ ಚರ್ಮ ಕೆಂಪಾಗಿ, ಗಂಟು ಥೇಟ್ ಕುರುವಿನಂತೆಯೇ ಕಾಣುತ್ತಿತ್ತು. ಕುಯ್ಯುವ ಮೊದಲು ಪುಟ್ಟ ಸ್ಕ್ಯಾನ್ ಯಂತ್ರವನ್ನು ಮಂಚದ ಪಕ್ಕಕ್ಕೆ ಎಳೆದುಕೊಂಡೆ. ಪರದೆಯಲ್ಲಿ ಗಂಟು ಕಪ್ಪಗೆ ಕಂಡಿತು. ಕೀವೂ ಕಪ್ಪಗೇ ಕಾಣುತ್ತದೆ, ಆದರೆ ಮೆಲ್ಲಗೆ ಒತ್ತಿದರೆ ಗಂಜಿ ಕದಡಿದ ಹಾಗೆ ಒಳಗೇ ಸುಳಿಯುತ್ತದೆ. ಒತ್ತಿದೆ. ಕದಲಲಿಲ್ಲ. ರಕ್ತದ ಹರಿವು ತೋರಿಸುವ ಗುಂಡಿ ಅದುಮಿದೆ. ಕೀವಿನೊಳಗೆ ರಕ್ತ ಹರಿಯುವುದಿಲ್ಲ. ಇಲ್ಲಿ ಗಂಟಿನ ನಡುವೆಯೇ ಕೆಂಪು, ನೀಲಿ ಎಳೆಗಳು ಮಿನುಗಿದವು. ಅದರ ಹಿಂದೆ ಅಂಥವೇ ಇನ್ನಷ್ಟು, ಗುಂಡಗೆ. ಕುತ್ತಿಗೆಯ ಲಿಂಫ್ ಗ್ರಂಥಿಗಳೇ ಕೆಟ್ಟು ಊದಿಕೊಂಡಿದ್ದವು. ದೇವರೇ, ಇದು ಬರೀ ಕೀವಾಗಿರಬಾರದಿತ್ತೇ ಎಂದುಕೊಂಡು ಇನ್ನೊಮ್ಮೆ ಒತ್ತಿ ನೋಡಿದೆ.

"ಕೀವು ಎಷ್ಟೈತೆ?"

"ಕೀವಿಲ್ಲ ಅಕ್ಕ. ಕುಯ್ಯಬಾರ್ದು. ದುರ್ಗಕ್ಕೆ ಹೋಗಾಣ, ಚೂರು ತೆಗೆದು ಪರೀಕ್ಷೆ ಮಾಡಿಸ್ಬೇಕು."

ಅವಳು ನನ್ನ ಮುಖ ನೋಡಿದಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು, ಅವಳ ಹತ್ತಿರ ಮುಚ್ಚಿಡುವುದು ಆಗದ ಮಾತು. ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾ ಕೇಳಿದಳು.

"ಹಂಗಾದ್ರೆ ಬದನೆಕಾಯಿ ತಿನ್ಬೌದೇನೇ?"

ಅವತ್ತು ಅವಳನ್ನು ಕಳಿಸಲಿಲ್ಲ. ಮನೆಯಲ್ಲಿ ಎಣ್ಣೆಗಾಯಿ ಮಾಡಿದೆ. ಕೇಳಿ ಕೇಳಿ ಹಾಕಿಸಿಕೊಂಡು ತಿಂದಳು, "ಉಪ್ಪು ಕಮ್ಮಿ ಐತೆ, ಡಾಕ್ಟ್ರಮ್ಮ" ಎಂದು ರೇಗಿಸಿದಳು ಕೂಡ. ನಾನು ನೀರು ತರುವ ನೆವ ಮಾಡಿ ಒಳಗೆ ಹೋಗಿ ಅತ್ತೆ.

ಚಿತ್ರದುರ್ಗದ ಆಸ್ಪತ್ರೆಯ ವರದಿಯಲ್ಲಿ ಕ್ಯಾನ್ಸರ್ ಎಂದೇ ಬಂತು. ಚಿಕಿತ್ಸೆ ಶುರುವಾದ ಮೇಲೆ ಅವಳ ಬಾಯಿಗೆ ಯಾವ ರುಚಿಯೂ ಹತ್ತಲಿಲ್ಲ. ಮತ್ತೆ ಶೇಂಗಾ ಬಿತ್ತುವ ಹೊತ್ತಿಗೆ ಅಕ್ಕ ಇರಲಿಲ್ಲ.

ಈಗಲೂ ಕುತ್ತಿಗೆಗೆ ಸುಣ್ಣ ಮೆತ್ತಿಕೊಂಡು ಬರುತ್ತಾರೆ. ಯಂತ್ರ ಇಟ್ಟು ಒತ್ತುತ್ತೇನೆ. ಕೀವು ಸುಳಿದರೆ ಜೀವ ಬಂದಂತಾಗುತ್ತದೆ, ಹಿಂದೆಯೇ ಹೊಟ್ಟೆಕಿಚ್ಚೂ ಆಗುತ್ತದೆ, ಸುಳ್ಳೇಕೆ ಹೇಳಲಿ. ಕುಯ್ದು ಪಟ್ಟಿ ಕಟ್ಟಿದ ಮೇಲೆ ಎಲ್ಲರೂ ಕೇಳುವುದು ಅದನ್ನೇ.

"ಬದನೆಕಾಯಿ ತಿನ್ಬಾರ್ದು ಅಲ್ವಾ ಮೇಡಂ?"

"ತಿನ್ರಿ" ಎನ್ನುತ್ತೇನೆ. "ಇವತ್ತೇ ತಿನ್ರಿ."

ಯಾಕಿಷ್ಟು ಗದರುತ್ತಾರೋ ಎಂದು ಅವರು ನನ್ನ ಮುಖ ನೋಡುತ್ತಾರೆ.