ಬೆವರು ಬಾರದವಳ ಗಾಡಿ

ಗುಲ್ನಾರಳಿಗೆ ಬೆವರು ಬರುವುದಿಲ್ಲ. ಹುಟ್ಟಿನಿಂದಲೇ ಹಾಗೆ. ಚರ್ಮದಲ್ಲಿ ಬೆವರಿನ ಗ್ರಂಥಿಗಳೇ ಇಲ್ಲ ಎಂದು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಯಾರೋ ಕಂಡುಹಿಡಿಯುವ ಹೊತ್ತಿಗೆ ಅವಳು ಶಾಲೆಗೆ ಹೋಗುತ್ತಿದ್ದಳು. ಅಲ್ಲಿಯವರೆಗೆ ಪ್ರತಿ ಬೇಸಿಗೆಯಲ್ಲೂ ಏರುತ್ತಿದ್ದ ಜ್ವರಕ್ಕೆ ಅವಳ ತಾಯಿ ಅಖ್ತರುನ್ನೀಸಾ ಹುಲಗೂರಿನ ದರ್ಗಾಕ್ಕೆ ಹರಕೆ ಹೊತ್ತು ಹೊತ್ತು ಸೋತಿದ್ದರು. ನಾವಾದರೆ ಬೆವರುತ್ತೇವೆ, ಮೈ ತಣ್ಣಗಾಗುತ್ತದೆ. ಅವಳ ಮೈಗೆ ಹೊಕ್ಕ ಬಿಸಿಲಿಗೆ ಹೊರಬರುವ ದಾರಿಯೇ ಇಲ್ಲ. ಬಾಯಲ್ಲಿ ನಾಲ್ಕಾರು ಹಲ್ಲು, ತಲೆಯಲ್ಲಿ ತೆಳ್ಳನೆಯ ಕೂದಲು, ಅದೂ ಆ ಕಾಯಿಲೆಯದೇ. ಆದರೂ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿದವಳಲ್ಲ.

ನಕ್ಕದ್ದು ಕಡಿಮೆ, ಸಿಟ್ಟಾದದ್ದೇ ಹೆಚ್ಚು. ಸವಣೂರಿನ ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಒಂದು ಮಧ್ಯಾಹ್ನ ಗಣಿತದ ಮಾಸ್ತರರು, ಒದ್ದೆ ಬಟ್ಟೆಯಲ್ಲಿ ತರಗತಿಗೆ ಬರಬಾರದು ಎಂದು, ಮೈ ತಂಪಿಗೆ ಬಟ್ಟೆ ನೆನೆಸಿಕೊಂಡಿದ್ದ ಅವಳನ್ನು ಹೊರಗೆ ನಿಲ್ಲಿಸಿದರು. ಅವಳು ನೀರಿನ ಕೊಡ ಎತ್ತಿ ಅವರೆದುರೇ ತಲೆಯ ಮೇಲೆ ಸುರಿದುಕೊಂಡು, ತೊಟತೊಟ ಸೋರುತ್ತ ಬಂದು ನನ್ನ ಪಕ್ಕ ಕುಳಿತಳು. "ಬರೀ ನೀಲಾಂಬಿಕಾ, ಲೆಕ್ಕ ಬರೀ," ಎಂದಳು. ಮಾಸ್ತರರು ಹಲಗೆಯತ್ತ ತಿರುಗಿ ಲೆಕ್ಕ ಮುಂದುವರಿಸಿದರು.

ಮುಂದೆ ಅವಳು ಹೊಲಿಗೆ ಕಲಿತಳು. ಬೇಸಿಗೆ ಪೂರ್ತಿ ಮನೆಯ ಹಿಂದಿನ ಕತ್ತಲೆ ಕೋಣೆಯಲ್ಲಿ, ಒದ್ದೆ ಗೋಣಿ ಕಟ್ಟಿದ ಕಿಟಕಿಯ ಪಕ್ಕ, ಮಷೀನು ತುಳಿಯುತ್ತ ಮೂವತ್ತು ದಾಟಿದಳು. ಬಂಧುಗಳು ಬಂದಾಗಲೆಲ್ಲ, "ಪಾಪ, ಕುಂತಲ್ಲೇ ಕುಂತೈತಿ," ಅನ್ನುವರು. ಆ ಪಾಪ ಎಂಬ ಮಾತು ಕೇಳಿದರೆ ಅವಳಿಗೆ ಮೈ ಉರಿಯುತ್ತಿತ್ತು.

ಅವಳ ಅಣ್ಣ ಶಾಹಬಾಜ ಖಾಸಗಿ ಶಾಲೆಯೊಂದರ ಬಸ್ಸು ಓಡಿಸುತ್ತಿದ್ದ. ಶಾಲೆಯವರು ಹಳೆಯ ಮಿನಿಬಸ್ಸು ಮಾರಲು ತೆಗೆದಾಗ ಇಬ್ಬರೂ ಸೇರಿ ಕೊಂಡರು. ಕ್ಯಾರವಾನ್ ಅನ್ನುತ್ತಾರಲ್ಲ, ಒಳಗೇ ಮನೆ ಇರುವ ಗಾಡಿ, ಹಾಗೆ ಮಾಡಿಸುವುದು ಗುಲ್ನಾರಳ ಆಸೆ. ಮಲಗಲು ಮಂಚ, ಹೊಲಿಗೆ ಮಷೀನು, ಕೈ ತೊಳೆಯುವ ಬೇಸಿನ್, ನೆತ್ತಿಯ ಮೇಲೆ ಎ.ಸಿ., ಅದಕ್ಕೊಂದು ಜನರೇಟರ್. ಸಂತೆಯಿಂದ ಸಂತೆಗೆ ಹೋಗುವುದು, ಸೀರೆಗೆ ಫಾಲ್, ಪಿಕೋ ಹಾಕುವುದು, ಜಂಪರು ಸರಿಮಾಡುವುದು. ತಡಸದ ಬಳಿ ಹೆದ್ದಾರಿ ಪಕ್ಕ ಗ್ಯಾರೇಜು ಹಾಕಿಕೊಂಡಿದ್ದ ದಿಲಾವರ ಮಿಸ್ತ್ರಿ ಆ ಕೆಲಸ ಹಿಡಿದ. ಚಳಿಗಾಲದಲ್ಲಿ ಗಾಡಿ ಹೊರಬಿತ್ತು. ಶಿಗ್ಗಾವಿ, ಹಾನಗಲ್ಲ, ಬಂಕಾಪುರ ಎಂದು ಅವಳು ಊರು ಸುತ್ತಿದ ಆ ದಿನಗಳಲ್ಲಿ ನನಗೆ ಫೋನ್ ಮಾಡಿ ನವಿಲು ಕೂಗುವುದನ್ನು ಕೇಳಿಸಿದ್ದಳು.

ಬೇಸಿಗೆ ಬಂತು. ಎ.ಸಿ. ಗುರ್ರೆನ್ನುತ್ತಿತ್ತು, ಗಾಡಿ ಮಾತ್ರ ತಣ್ಣಗಾಗಲಿಲ್ಲ. ಫಿಲ್ಟರ್ ತೊಳೆದರು. ಹುಣಸೆಮರದ ನೆರಳು ಹುಡುಕಿ ನಿಲ್ಲಿಸಿದರು. ಅಡುಗೆಯ ಒಲೆ ಹೊರಗಿಟ್ಟರು. ಚಾವಣಿಗೆ ಒದ್ದೆ ಗೋಣಿ ಹಾಸಿದರು. ಎಷ್ಟು ಮಾಡಿದರೂ ಮಧ್ಯಾಹ್ನವಾದರೆ ಒಳಗೆ ಕಾದ ಕಾವಲಿ. ಗುಲ್ನಾರ ಫೋನ್ ಮಾಡಿದರೆ ದಿಲಾವರ ನಗುವನು.

"ಬ್ಯಾಸಗಿ ಐತಿ ತಂಗಿ, ಎಲ್ಲಾರೂ ಬೆವರಾಕತ್ತಾರ. ಸ್ವಲ್ಪ ತಡಕೋ."

ಈ ಮಾತು ಕೇಳಿದ ದಿನ ಅವಳು ಫೋನನ್ನು ಗೋಡೆಗೆ ಎಸೆದಳಂತೆ.

ಏಪ್ರಿಲ್‌ನಲ್ಲಿ ನಾನೂ ಅವಳ ಜೊತೆ ಹೊರಟೆ. ಸವಣೂರಿನಲ್ಲಿ ನನ್ನದು ಸೀರೆ ಅಂಗಡಿ, ಸಂತೆಯಲ್ಲಿ ನಾಲ್ಕು ಸೀರೆ ಹೋದರೆ ಹೋಗಲಿ ಎಂಬ ಲೆಕ್ಕ. ಹಿರೇಕೆರೂರಿನ ಸಂತೆಯಲ್ಲಿ ಗಾಡಿಗೆ ನೆರಳು ಸಿಗಲಿಲ್ಲ. ಶಾಹಬಾಜ ಡೀಸೆಲ್ ತರಲು ಹೋಗಿದ್ದ. ಶೇಖವ್ವ ಎಂಬ ಹೆಂಗಸು ಸೀರೆಗೆ ಪಿಕೋ ಹಾಕಿಸಿಕೊಳ್ಳುತ್ತ ಬಾಗಿಲಲ್ಲಿ ಕುಳಿತಿದ್ದಳು. ಮಷೀನಿನ ಸದ್ದು ನಿಂತಿತು. ನೋಡಿದರೆ ಗುಲ್ನಾರಳ ಮುಖ ಇಟ್ಟಂಗಿ ಕೆಂಪು, ಕಣ್ಣು ಎಲ್ಲೋ. "ಯವ್ವಾ, ಹುಡುಗಿ ಬಿದ್ದಳು!" ಎಂದು ಶೇಖವ್ವ ಕೂಗಿದಳು. ಇಬ್ಬರೂ ಸೇರಿ ಕೊಡಗಟ್ಟಲೆ ನೀರು ಸುರಿದೆವು, ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು.

ಅವಳಿಗೆ ಎಚ್ಚರ ಬಂದಾಗ ಅಲ್ಲಿದ್ದ ಡಾಕ್ಟರು, "ಇಂಥಾ ತ್ರಾಸ ಇದ್ದವರು ಮನೆಯಲ್ಲಿರಬೇಕಮ್ಮ," ಎಂದರು.

"ಮೂವತ್ತ ವರ್ಷ ಇದ್ದೇನಿ ಡಾಕ್ಟರ್," ಎಂದಳು ಗುಲ್ನಾರ. "ನೀವು ಒಂದ ಬ್ಯಾಸಗಿ ಇದ್ದು ತೋರಸ್ರಿ."

ಹೊರಗೆ ಬಂದ ಮೇಲೆ, ಸುದ್ದಿ ಕೇಳಿ ಓಡಿಬಂದಿದ್ದ ಶಾಹಬಾಜನ ಸರದಿ. ಅವರ ಮನೆಮಾತು ಉರ್ದು, ನಾನಿದ್ದರೆ ಕನ್ನಡ. "ಸಾಕಿನ್ನ. ನೀ ಸತ್ತರ ಅಮ್ಮೀಗೆ ಏನ ಹೇಳ್ಲಿ? ಈ ಗಾಡಿ ಮಾರಿಬಿಡ್ತೇನಿ."

"ಮಾರು. ಮೊದ್ಲ ನನ್ನ ಇಳಿಸಿ ಮಾರು," ಎಂದವಳು ಆಮೇಲೆ ಅವನೊಂದಿಗೆ ಮಾತು ಬಿಟ್ಟಳು.

ಮರುದಿನ ಬೆಳಿಗ್ಗೆ ಅವಳು ಎ.ಸಿ. ಹಾಕಿಸಿ, ಒಂದು ಎಳೆ ದಾರ ಹಿಡಿದು ಗಾಡಿಯೊಳಗೆ ಓಡಾಡಿದಳು. ಗಾಳಿ ಬರಬೇಕಾದ ಜಾಲರಿಯ ಕೆಳಗೆ ದಾರ ಸುಮ್ಮನೆ ತೂಗಿತು. ಚಾವಣಿಯ ಹಲಗೆಗಳ ಸಂದಿನ ಬಳಿ ಪಟಪಟ ಹಾರಿತು. ಅವಳು ನನ್ನ ಮುಖ ನೋಡಿದಳು. "ತಂಪು ಎಲ್ಲಾ ಮ್ಯಾಲೇ ಹೋಗಾಕತ್ತೈತಿ ನೀಲಾ. ನಾ ಕೆಳಗ ಸಾಯಾಕತ್ತೇನಿ."

ಗಾಡಿ ತಡಸಕ್ಕೆ ತಿರುಗಿತು. ನಾವು ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ದಿಲಾವರ ಇಬ್ಬರು ಲಾರಿ ಮಾಲೀಕರ ಜೊತೆ ಚಹಾ ಕುಡಿಯುತ್ತಿದ್ದ.

"ಗ್ಯಾಸ್ ಕಮ್ಮಿ ಆಗಿರ್ತೈತಿ, ನೋಡೂಣು," ಎಂದ, ಏಳದೆ.

"ಒಳಗ ಬರ್ರಿ ಚಾಚಾ. ಮಂಚದ ಮ್ಯಾಲ ಕುಂದರ್ರಿ," ಎಂದಳು ಗುಲ್ನಾರ. ದನಿ ಏರಿರಲಿಲ್ಲ. ಮಂದಿಯೆದುರು ಒಲ್ಲೆನ್ನಲಾಗದೆ ಅವನು ಹತ್ತಿದ. ಅವಳು ಒದ್ದೆ ಚಾದರ ಹೊದ್ದು ಎದುರಿಗೆ ಕುಳಿತು, ಬಾಗಿಲು ಹಾಕಿಸಿ, ಎ.ಸಿ. ಹಾಕಿಸಿದಳು. ನಾನು ಕೊಡ ಹಿಡಿದುಕೊಂಡೇ ನಿಂತಿದ್ದೆ. ಸ್ವಲ್ಪ ಹೊತ್ತಿಗೇ ದಿಲಾವರನ ಅಂಗಿ ಬೆನ್ನಿಗೆ ಅಂಟಿತು. ಹಣೆಯಿಂದ ಬೆವರು ಗಡ್ಡಕ್ಕೆ ಇಳಿಯಿತು. ಅವನು ಏಳಲು ಹೋದ.

"ಯಾಕ, ತಡಕೋರಿ. ನಿಮಗ ಬೆವರಾದರೂ ಬಂತು."

ಅವನು ಅವಳ ಮುಖ ನೋಡಿದ. ಕೆಂಡದಂಥ ಕೆಂಪು, ಒಂದು ಹನಿಯಿಲ್ಲ. ಅವಳು ಸ್ಟೂಲು ಹತ್ತಿ, ತಾನೇ ಸ್ಕ್ರೂಡ್ರೈವರ್ ಹಿಡಿದು ಚಾವಣಿಯ ಹಲಗೆ ಬಿಚ್ಚಿದಳು. ಧೊಪ್ಪೆಂದು ತಣ್ಣನೆ ಗಾಳಿ ನಮ್ಮ ಮೇಲೆ ಬಿತ್ತು. ಎ.ಸಿ.ಯಿಂದ ಜಾಲರಿಗೆ ಬರಬೇಕಾದ ಕೊಳವೆಯ ಬಾಯಿಗೆ ಒಂದು ಪಟ್ಟಿಯನ್ನೂ ಸುತ್ತಿರಲಿಲ್ಲ. ಅದು ಕಳಚಿ ಬಿದ್ದಿತ್ತು. ಬಂದ ತಂಪನ್ನೆಲ್ಲ ಎ.ಸಿ. ತಾನೇ ಮತ್ತೆ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಹಲಗೆಯ ಮೇಲೆ ಥರ್ಮಾಕೋಲು ತುಂಬಿದ್ದೇನೆ ಎಂದು ದಿಲಾವರ ಆಣೆ ಮಾಡಿ ಹೇಳಿದ್ದ. ಅಲ್ಲಿ ಇದ್ದದ್ದು ಬರೀ ತಗಡು.

"ತಗಡಿಗೆ ಕೈ ಇಡ್ರಿ," ಎಂದಳು. ಅವನು ಇಟ್ಟು, ಚುರ್ರೆಂದು ಹಿಂತೆಗೆದ.

"ಹುಡುಗರು ಮರ್ತಿರಬೇಕು..."

ಆಗ ಅವಳು ಬಾಗಿಲು ತಳ್ಳಿ ಹೊರಗೆ ನಿಂತು ಕೂಗಿದ ಕೂಗು ಹೆದ್ದಾರಿಯ ಆಚೆಗೂ ಕೇಳಿರಬೇಕು. "ಮರ್ತರು? ನಾ ಹೇಳಿದ್ದೆ, ನನಗ ಬೆವರಿಲ್ಲ, ತಂಪಿಲ್ಲದಿದ್ರ ನಾ ಉಳಿಯಂಗಿಲ್ಲ ಅಂತ ಕೈಮುಗದು ಹೇಳಿದ್ದೆ! ನೀವು ತಲಿ ಆಡಿಸಿದ್ರಿ. ನಿಮ್ಮ ಮಗಳಾಗಿದ್ರ ಮರೀತಿದ್ರೇನು?"

ಲಾರಿ ಮಾಲೀಕರಲ್ಲೊಬ್ಬ ಎದ್ದು ತನ್ನ ಗಾಡಿಯ ಕ್ಯಾಬಿನ್ ತಟ್ಟಿ ನೋಡಿದ. "ದಿಲಾವರ, ನಂದರೊಳಗೂ ಹಿಂಗ ಮರ್ತೀಯೇನು?" ಎಂದ. ಅಷ್ಟಾದ ಮೇಲೇ ದಿಲಾವರ ಕೆಲಸಗಾರರನ್ನು ಕರೆದ.

ಮರುದಿನ ಸಂಜೆಯವರೆಗೆ ಕೆಲಸ ನಡೆಯಿತು. ಗುಲ್ನಾರ ಒದ್ದೆ ಟವೆಲ್ಲು ತಲೆಗೆ ಸುತ್ತಿ ಶೆಡ್ಡಿನ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು, ಒಂದೊಂದು ಥರ್ಮಾಕೋಲು ಹಾಳೆ ಒಳಗೆ ಹೋಗುವುದನ್ನೂ ನೋಡಿದಳು. ಕೊಳವೆಯ ಬಾಯಿಗೆ ಬೆಳ್ಳಿಬಣ್ಣದ ಅಂಟುಪಟ್ಟಿ ಸುತ್ತಿ, ತಂಪು ಮತ್ತೆ ಎ.ಸಿ.ಯೊಳಗೆ ಹೋಗದಂತೆ ನಡುವೆ ತಡೆ ಕಟ್ಟಿದರು. ಯಾವ ಅಂಗಡಿಯಲ್ಲೂ ಸಿಗುವ ಪಟ್ಟಿ. ಅದನ್ನು ಕಂಡು ಅವಳ ಸಿಟ್ಟು ಮತ್ತಷ್ಟು ಏರಿತು. ಕೊನೆಗೆ ಎ.ಸಿ. ಹಾಕಿದಾಗ ನನಗೆ ಚಳಿಯಾಗಿ ಸೆರಗು ಹೊದ್ದೆ.

"ಈಗ ಖುಷಿ ಆತಿಲ್ಲೋ ತಂಗಿ?" ಎಂದ ದಿಲಾವರ.

"ನನ್ನ ಖುಷಿ ನಿಮ್ಮ ಕೈಯಾಗಿಲ್ಲ," ಎಂದು ಅವಳು ಬಾಗಿಲು ಎಳೆದುಕೊಂಡಳು.

ದಾರಿಯಲ್ಲಿ ಶಾಹಬಾಜ ಮೆಲ್ಲಗೆ, "ತಪ್ಪು ಅವಂದು," ಎಂದ.

"ಅವಂದು ಅರ್ಧ. ಅವ ಗಾಡಿ ಕೆಡಿಸಿದ. ನೀ ಯಾಕ ಕೆಟ್ಟೈತಿ ಅಂತ ನೋಡ್ಲಿಲ್ಲ, ನನ್ನ ಮನಿಯಾಗ ಕೂಡ್ಸಾಕ ಹೊಂಟಿದ್ದಿ. ಅವನಿಗಾದ್ರ ಬಯ್ದ ಬಂದೆ. ನಿನಗ ಹೆಂಗ ಬಯ್ಲಿ ಭಾಯಿ?"

ಕನ್ನಡಿಯಲ್ಲಿ ಅವನ ಕಣ್ಣು ಒದ್ದೆಯಾಗಿದ್ದು ಕಂಡೆ. ಅವಳು ಕಂಡೂ ಕಿಟಕಿಯತ್ತ ತಿರುಗಿದಳು.

ಮೇ ತಿಂಗಳು ಹಾನಗಲ್ಲಿನಲ್ಲಿ ಕಳೆಯಿತು. ಹೆಂಗಸರು ಹೊಲಿಸಲು ಬಂದವರು ತಂಪಿಗೆ ಕುಳಿತೇ ಬಿಡುವರು. "ಬಾಗಿಲಾ ಹಾಕ್ರೆ, ತಂಪು ಹೋಗ್ತೈತಿ!" ಎಂದು ಅವಳು ದಿನಕ್ಕೆಷ್ಟು ಸಲ ಕಿರುಚುತ್ತಿದ್ದಳೋ. ಅಣ್ಣನೊಂದಿಗೆ ಕೆಲಸದ ಮಾತು ಮಾತ್ರ. ಒಂದು ಮಧ್ಯಾಹ್ನ ಶಾಹಬಾಜ ಪೇಟೆಯಿಂದ ಬಿಸಿಲು ತಡೆಯುವ ಹೊಳಪು ಹಾಳೆ ತಂದು, ಯಾರಿಗೂ ಹೇಳದೆ ಮುಂದಿನ ದೊಡ್ಡ ಗಾಜಿಗೆ ಕಟ್ಟುತ್ತಿದ್ದ. ಗುಲ್ನಾರ ಮಷೀನು ಬಿಟ್ಟು ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಅಂಚು ಸೊಟ್ಟ ಐತಿ. ಬಿಚ್ಚಿ ಕೊಡು, ಹೊಲದು ಕೊಡ್ತೇನಿ."

ಅವನು ಬಿಚ್ಚಿ ಕೊಟ್ಟ.