ಟ್ರ್ಯಾಕ್ಟರ್ ಮೇಲಿನ ಕ್ಯಾಮೆರಾ ಕಂಡ ರೋಗ

ಟ್ರ್ಯಾಕ್ಟರಿಗೆ ಕ್ಯಾಮೆರಾ ಕಟ್ಟಿಕೊಂಡು ಊರೂರು ತಿರುಗಿದ ಆ ಎಂಟು ತಿಂಗಳು ನೆನಪಾದರೆ ನನಗೆ ಈಗಲೂ ಹೇಸಿಗೆಯಾಗುತ್ತದೆ. ಎಂಬತ್ತರ ದಶಕದ ಶುರುವಿನ ಮಾತು. ಹೊಲಕ್ಕೆ ಕಾಲಿಡದೆ, ಬರೀ ಫೋಟೋ ನೋಡಿ ಬೆಳೆಯ ಆರೋಗ್ಯ ಹೇಳುವ ಯೋಜನೆ ಅದು. ನಮ್ಮ ಸಾಹೇಬರು ಯಾವುದೋ ತರಬೇತಿಗೆ ಹೋಗಿ ಬಂದು ಇದನ್ನು ತಲೆಗೆ ಹಚ್ಚಿಕೊಂಡಿದ್ದರು. ನಾನು ಕೃಷಿ ಇಲಾಖೆಯಲ್ಲಿ ಹಂಗಾಮಿ ಸಹಾಯಕ. ಅವರು ನಾಲ್ಕು ಒಳ್ಳೆಯ ಮಾತು ಬರೆದರೆ ಖಾಯಂ ಆಗುತ್ತಿದ್ದೆ, ಹಾಗಾಗಿ ಅವರೆದುರು ನನ್ನ ಬಾಯಿಂದ ‘ಹೌದು ಸಾರ್’ ಬಿಟ್ಟು ಬೇರೆ ಮಾತು ಹೊರಡುತ್ತಿರಲಿಲ್ಲ.

ಟ್ರ್ಯಾಕ್ಟರಿನ ಮೂತಿಯಿಂದ ಒಂದು ಕಬ್ಬಿಣದ ಕಂಬಿ ಮೇಲೆದ್ದು ಮುಂದಕ್ಕೆ ಬಾಗಿತ್ತು. ಅದರ ತುದಿಗೆ ಕ್ಯಾಮೆರಾ, ನೆಲ ನೋಡುವಂತೆ. ಅಲ್ಲಿಂದ ಒಂದು ಉದ್ದದ ರಬ್ಬರ್ ಕೊಳವೆ ಹಿಂದೆ ನನ್ನ ಕೈಗೆ ಬರುತ್ತಿತ್ತು. ಕೊಳವೆಯ ತುದಿಯ ಉಂಡೆ ಹಿಸುಕಿದರೆ ಒಂದು ಫೋಟೋ. ಹತ್ತು ಹೆಜ್ಜೆಗೊಮ್ಮೆ ಹಿಸುಕುವುದು, ಇಳಿದು ರೀಲು ತಿರುಗಿಸುವುದು, ಮತ್ತೆ ಹತ್ತುವುದು. ಇದಕ್ಕೆ ನಾನು ಡಿಗ್ರಿ ಓದಿದ್ದೆ.

ಚನ್ನಗಿರಿ ಕಡೆ ನಲ್ಲೂರಿನಲ್ಲಿ ಮೆಕ್ಕೆಜೋಳ ತೆಗೆದೆವು. ಹೊನ್ನಾಳಿಯ ಗದ್ದೆಯಲ್ಲಿ ಟ್ರ್ಯಾಕ್ಟರ್ ಅಚ್ಚಿನವರೆಗೆ ಹೂತು, ನಾಲ್ಕು ಜೊತೆ ಎತ್ತು ಕಟ್ಟಿ ಎಳೆಸಿದೆವು. ನ್ಯಾಮತಿಯಲ್ಲಿ ಒಬ್ಬ ಅಜ್ಜ ಒಗೆದ ಪಂಚೆ ಉಟ್ಟು, ರುಮಾಲು ಸುತ್ತಿ, ಕುರ್ಚಿ ತರಿಸಿಕೊಂಡು ಕ್ಯಾಮೆರಾದ ಕೆಳಗೇ ಬಂದು ಕೂತ. ಫೋಟೋದಲ್ಲಿ ಬಂದಿದ್ದು ರುಮಾಲೊಂದೇ. ಸಾಹೇಬರು ಅದಕ್ಕೂ ನಂಬರು ಕೊಟ್ಟು ಫೈಲಿಗೆ ಸೇರಿಸಿದರು. ಜೀಪಿನಿಂದ ಇಳಿದು ಬೆಳೆಯ ಒಂದು ಗರಿಯನ್ನೂ ಮುಟ್ಟಿದವರಲ್ಲ ಅವರು. ಬೂಟಿಗೆ ಮಣ್ಣು ಹತ್ತಿದರೆ ಸೆಗಣಿ ತುಳಿದವರ ಹಾಗೆ ಮುಖ ಮಾಡುತ್ತಿದ್ದರು.

ಕೊನೆಗೆ ಜಗಳೂರು ಸೀಮೆಗೆ ಬಂದೆವು. ಅಲ್ಲಿ ಒಂದು ಊರಲ್ಲಿ ಗಂಡ ತೀರಿಕೊಂಡ ಒಬ್ಬ ಅಕ್ಕ ತಾನೇ ಬೇಸಾಯ ಮಾಡಿಸುತ್ತಿದ್ದಳು. ಅವಳ ಮನೆಯ ಬಿಳಿಜೋಳದ ಬೀಜ ಸುತ್ತಲಿನ ಹಳ್ಳಿಗೆಲ್ಲ ಹೆಸರುವಾಸಿ. ಅತ್ತೆ ಕಾಲದಿಂದ ತೆನೆ ಆರಿಸಿ, ಬೇವಿನ ಸೊಪ್ಪು ಬೆರೆಸಿ, ಮಣ್ಣಿನ ವಾಡೆಯಲ್ಲಿ ಕಾಪಿಟ್ಟ ಬೀಜ. ಬಿತ್ತನೆ ಹತ್ತಿರ ಬಂದರೆ ಜನ ಮೊರ ಹಿಡಿದು ಅವಳ ಬಾಗಿಲಿಗೆ ಬರುತ್ತಿದ್ದರು. ಅದೇ ಬೀಜವನ್ನು ಹೆಚ್ಚು ಮಾಡಿ ತಾಲ್ಲೂಕಿಗೆಲ್ಲ ಹಂಚೋಣ ಎಂದು ನಮ್ಮ ಯೋಜನೆಯೇ ಅವಳ ಎರಡೆಕರೆಯನ್ನು ಬೀಜದ ಹೊಲ ಅಂತ ಆರಿಸಿತ್ತು. ಫೋಟೋದಲ್ಲಿ ಬೆಳೆ ಚೆನ್ನಾಗಿದ್ದರೆ ಒಪ್ಪಿಗೆ, ಇಲ್ಲವಾದರೆ ಇಲ್ಲ.

ಒಂದು ಸೋಮವಾರ ಬೆಳಿಗ್ಗೆ ಮೊಣಕಾಲೆತ್ತರದ ಜೋಳದಲ್ಲಿ ಟ್ರ್ಯಾಕ್ಟರ್ ಹಾಯಿಸಿ ಒಂದು ರೀಲು ಪೂರ್ತಿ ತೆಗೆದೆವು. ರೀಲು ಬಸ್ಸಿನಲ್ಲಿ ದಾವಣಗೆರೆ ಸ್ಟುಡಿಯೋಗೆ ಹೋಯಿತು. ಫೋಟೋ ಬರುವವರೆಗೆ ಟ್ರ್ಯಾಕ್ಟರನ್ನು ಅವಳ ಕಣದಲ್ಲೇ ನಿಲ್ಲಿಸಿ, ಕ್ಯಾಮೆರಾಕ್ಕೆ ರೆಕ್ಸಿನ್ ಚೀಲ ಹಾಕಿ ಕಟ್ಟಿದೆವು.

ಎಂಟು ದಿನಕ್ಕೆ ಸಾಹೇಬರು ಜೀಪಿನಲ್ಲಿ ಫೋಟೋ ಹಿಡಿದು ಬಂದರು. ಮುಖ ಅರಳಿತ್ತು. ಪ್ರತಿ ಫೋಟೋದ ನಡುವೆಯೂ ಗರಿಗಳು ಬೆಳ್ಳಗೆ ಬಿಳಿಚಿಕೊಂಡಿದ್ದವು. “ಕೇದಿಗೆ ರೋಗ” ಅಂದರು. ಗರಿ ಬೆಳ್ಳಗಾಗಿ ತೆನೆಯೇ ಕಟ್ಟದ, ಪಕ್ಕದ ಹೊಲಕ್ಕೂ ಹಬ್ಬುವ ರೋಗ. ಮೂವತ್ತಾರು ಫೋಟೋದಲ್ಲೂ ಬಿಳುಪು ಅದೇ ಜಾಗದಲ್ಲಿತ್ತು. ಹತ್ತು ಹೆಜ್ಜೆಗೊಂದು ಸಲ ರೋಗ ಸರಿಯಾಗಿ ನಡುವೆ ಬಂದು ನಿಂತು ಫೋಟೋ ತೆಗೆಸಿಕೊಳ್ಳುತ್ತದೆಯೇ? ಇಷ್ಟು ಕೇಳುವ ಬುದ್ಧಿ ಅವರಿಗೂ ಬರಲಿಲ್ಲ, ನನಗೂ ಬರಲಿಲ್ಲ. ಮರುದಿನವೇ ಪೂರ್ತಿ ಹೊಲ ಕೀಳಿಸಬೇಕೆಂದು ಹೇಳಿದರು.

ಅಕ್ಕ ಜೀಪಿನ ಹತ್ತಿರ ಬಂದು ಒಂದು ದಂಟು ಕಿತ್ತು ಹಿಡಿದಳು. “ಎಲ್ಲೈತ್ರಿ ಬೆಳ್ಳಗೆ? ಗರಿ ಮಗುಚಿ ನೋಡ್ರಿ ಸಾಹೇಬ್ರೆ. ಕೇದಿಗೆ ಬಂದ್ರೆ ಅಡೀಗೆ ಬೂಷ್ಟು ಹಿಡಿದಂಗೆ ಇರತೈತಿ. ನಾನೇನು ನೋಡಿಲ್ಲೇನು?”

“ನಿನ್ನ ಕಣ್ಣಿಗೆ ಈಗ ಕಾಣಲ್ಲಮ್ಮ. ಕ್ಯಾಮೆರಾಕ್ಕೆ ಮೊದಲೇ ಕಾಣ್ತದೆ” ಅಂದರು ಸಾಹೇಬರು, ದಂಟಿನ ಕಡೆ ನೋಡದೆ.

ಮರುದಿನ ಬೆಳಿಗ್ಗೆ ಹೊಲ ಕೀಳುವ ಮೊದಲು ಕಂಬಿಯಿಂದ ಕ್ಯಾಮೆರಾ ಬಿಚ್ಚಲು ಹೋದೆ. ಚೀಲ ತೆಗೆದು ತಿರುಗಿಸಿದರೆ ಗಾಜಿನ ಮೇಲೆ ಅಡ್ಡಡ್ಡ ಮೂರು ವಿಭೂತಿ ಪಟ್ಟೆ. ನಮ್ಮ ಟ್ರ್ಯಾಕ್ಟರ್ ಡ್ರೈವರ್ ಉಬ್ರಾಣಿ ಕಡೆಯವರು, ಲಿಂಗಪೂಜೆ ಮಾಡದೆ ನೀರು ಮುಟ್ಟದ ಮನುಷ್ಯ. ಕರೆದು ಕೇಳಿದೆ.

“ಅವತ್ತು ಶ್ರಾವಣ ಸೋಮವಾರ ಅಲ್ವೇನ್ರಿ? ಗಾಡಿ ತೊಳೆದು ಲೈಟಿಗೆಲ್ಲ ಹಚ್ಚಿದ್ನಲ್ಲ, ಅದನ್ನೊಂದು ಹೆಂಗೆ ಬಿಡಾಕೆ ಆಗತೈತೆ ಅಂತ ಅದಕ್ಕೂ ಹಚ್ಚಿದೆ. ಯಾಕ್ರಿ, ತಪ್ಪಾತೇನು?”

ಅವರದೇನು ತಪ್ಪು? ದುಡಿಯುವ ಗಾಡಿಗೆ ಭಕ್ತಿಯಿಂದ ವಿಭೂತಿ ಇಟ್ಟರು. ಅಸಹ್ಯ ಶುರುವಾಗುವುದು ಇಲ್ಲಿಂದ, ನನ್ನಿಂದ. “ಏನಿಲ್ಲ, ನೀವು ಹೋಗ್ರಿ” ಅಂದೆ. ಕ್ಯಾಮೆರಾ ಹಿಡಿದು ಸಾಹೇಬರ ಕಡೆ ನಡೆದೆ. ಹೇಳಬೇಕೆಂದೇ ಹೊರಟಿದ್ದೆ, ಇದೊಂದು ಮಾತು ನಿಜ. ಅವರು ಬೇವಿನ ಮರದ ನೆರಳಲ್ಲಿ ವರದಿ ಬರೆಯುತ್ತಾ ಕೂತಿದ್ದರು. ತಲೆಯೆತ್ತಿ, “ಬಾರಯ್ಯ, ನಮ್ಮ ಯೋಜನೆ ಗೆದ್ದಂಗಾಯ್ತು. ಕಣ್ಣಿಗೆ ಕಾಣದ ರೋಗ ಹಿಡಿದಿದೀವಿ. ವರದೀಲಿ ನಿನ್ನ ಹೆಸರೂ ಹಾಕಿದೀನಿ” ಅಂದರು.

ನಾನು ಅಲ್ಲೇ ನಿಂತೆ. ಹೆಗಲ ಮೇಲಿನ ಟವೆಲಿನಿಂದ ಗಾಜನ್ನು ಒರೆಸಿದೆ. ಅವರ ಕಣ್ಣೆದುರಿಗೇ ಒರೆಸಿದೆ, ಧೂಳು ಒರೆಸುವವನ ಹಾಗೆ. ಅವರು ಮತ್ತೆ ಬರೆಯತೊಡಗಿದರು. ಆ ಕ್ಷಣದ ನನ್ನ ಮುಖವನ್ನು ಯಾರಾದರೂ ಫೋಟೋ ತೆಗೆದಿದ್ದರೆ ಅದರ ಮೇಲೆ ನಾನೇ ಉಗಿಯುತ್ತಿದ್ದೆ.

ಹೆಂಗಸರು ಸಾಲು ಹಿಡಿದು ಕೀಳತೊಡಗಿದರು. ಹಸಿರು ಜೋಳ, ಎಲ್ಲೂ ಒಂದು ಕಲೆಯಿಲ್ಲ. ಕಿತ್ತಿದ್ದನ್ನು ದನಕ್ಕೂ ಹಾಕಬಾರದೆಂದು ಸಾಹೇಬರು ಹೇಳಿದ್ದರಿಂದ ಗುಂಡಿಗೆ ತುಂಬಿದರು. ಅರ್ಧ ಹೊಲ ಖಾಲಿಯಾದಾಗ ಅಕ್ಕ ನನ್ನ ಹತ್ತಿರ ಬಂದಳು. ಸಾಹೇಬರ ಮೇಲೆ ಅವಳಿಗೆ ನಂಬಿಕೆಯಿರಲಿಲ್ಲ, ಆದರೆ ನನ್ನ ಮೇಲಿತ್ತು. ಎಂಟು ದಿನ ಅವಳ ಮನೆಯಲ್ಲೇ ಉಂಡಿದ್ದೆ.

“ತಮ್ಮಾ, ನೀನಾರ ನಿಜ ಹೇಳು. ರೋಗ ಐತಾ?”

“ಐತಕ್ಕ” ಅಂದೆ.

ಅವಳು ಸೆರಗು ಸಿಗಿಸಿಕೊಂಡು ತಾನೂ ಸಾಲಿಗೆ ಇಳಿದಳು.

ನನಗೆ ಕೆಲಸ ಖಾಯಂ ಆಯಿತು. ಯೋಜನೆ ಮುಂದಿನ ವರ್ಷಕ್ಕೆ ನಿಂತುಹೋಯಿತು, ಕ್ಯಾಮೆರಾ ಯಾವುದೋ ಬೀರು ಸೇರಿತು. ಮರುವರ್ಷ ಬಿತ್ತನೆಯ ಕಾಲದಲ್ಲಿ ಬೇರೆ ಕೆಲಸಕ್ಕೆಂದು ಆ ಊರಿಗೆ ಹೋಗಬೇಕಾಗಿ ಬಂತು. ಅವಳ ಮನೆ ದಾಟಿ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದೆ, ಅವಳೇ ಕೂಗಿ ಕರೆದಳು. ಜಗಲಿಯಿಂದ ಇಬ್ಬರು ರೈತರು ಖಾಲಿ ಮೊರ ಹಿಡಿದು ಎದ್ದು ಹೋಗುತ್ತಿದ್ದರು.

“ಎಷ್ಟು ಹೇಳಿದ್ರೂ ಕೇಳವಲ್ರು” ಅಂದಳು. “ನಮ್ಮ ಬೀಜದಾಗೆ ರೋಗ ಐತೆ, ನಿಮ್ಮ ಹೊಲ ಕೆಡತಾವೆ, ಒಯ್ಯಬ್ಯಾಡ್ರಿ ಅಂದೆ. ನೀನು ಹೇಳಿದ್ದು ಛಲೋ ಆತು ತಮ್ಮಾ. ಇಲ್ಲದಿದ್ರೆ ಊರಿಗೆಲ್ಲ ರೋಗ ಹಂಚಿದ ಪಾಪ ನನಗೆ ಸುತ್ಕೊಳ್ತಿತ್ತು.”

ಒಳಗೆ ವಾಡೆ ಬರಿದಾಗಿತ್ತು. ಅತ್ತೆ ಕಾಲದ ಬೀಜವನ್ನೆಲ್ಲ ಸ್ವಲ್ಪ ಸ್ವಲ್ಪವೇ ಬೀಸಿಸಿ ಮುಗಿಸಿದ್ದಳು. ನನ್ನನ್ನು ಕೂರಿಸಿ, ಕೊನೆಯ ಹಿಟ್ಟಿನಲ್ಲಿ ರೊಟ್ಟಿ ತಟ್ಟಿ, ಬಿಸಿಬಿಸಿಯದನ್ನು ತಟ್ಟೆಗೆ ಹಾಕಿದಳು. ನಾನು ಮುರಿಯುವುದನ್ನು ನೋಡಿ ಅವಳಿಗೆ ಏನೋ ಅಳುಕಾಯಿತು.

“ತಿಂದೋರಿಗೆ ಏನೂ ಆಗಾಕಿಲ್ಲ ಅಲ್ವಾ ತಮ್ಮಾ, ಈ ರೋಗದಿಂದ?”

“ಏನೂ ಆಗಲ್ಲಕ್ಕ” ಅಂದು ತಿಂದೆ. ಇನ್ನೊಂದು ಹಾಕಿದಳು. ಅದನ್ನೂ ತಿಂದೆ.